ನೆವ್ರಿ: ಅಡಿಗೆಮನೆಯಲ್ಲಿ ಉಳಿದ ಚರಿತ್ರೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಸೇವೆಗೈದ ಗುರುಗಳ ನಾಮಾವಳಿ ಇವಕ್ಕೆಲ್ಲ ಯಥೋಚಿತ ಸ್ಥಳ ದೊರೆತಿದೆ. ಅಡಿಗೆಮನೆಗೂ ಒಂದು ಪುಟ ಸಲ್ಲಬೇಕೆಂಬುದು ನಮ್ಮ ಮತ. ಕ್ರಿಸ್ತಜಯಂತಿಗೆ ನಮ್ಮ ತಾಯಂದಿರು ಮಾಡುವ ನೆವ್ರಿಯಲ್ಲಿ ಜ್ಞಾನಸ್ನಾನದ ದಫ್ತರಗಳಿಗಿಂತ ಹಳೆಯ ಚರಿತ್ರೆ ಅಡಗಿದೆ.

ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ನಾವು ಹೇಳುವ ‘ಕುಸ್ವಾರ್’ ಎಂಬ ಪದವು ಪೋರ್ಚುಗೀಸರ ‘ಕೊನ್ಸುವಾದ’ದಿಂದ ಬಂದುದೆಂದು ಹೇಳುವುದುಂಟು. ಪೋರ್ಚುಗಲ್ಲಿನಲ್ಲಿ ಅದು ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಉಪವಾಸದ ಬಳಿಕ ಮನೆಮಂದಿ ಕೂಡಿ ಉಣ್ಣುವ ಊಟ. ಹೆಸರು ಹೊರಗಿನದಾದುದರಿಂದ ತಟ್ಟೆಯಲ್ಲಿರುವುದೆಲ್ಲವೂ ಹೊರಗಿನದೇ ಎಂದು ನಂಬಿರುವವರು ನಮ್ಮಲ್ಲಿ ಅನೇಕರು. ನೆವ್ರಿಯ ವಿಷಯದಲ್ಲಿ ಈ ಮಾತು ಸಲ್ಲದು. ಗೋವೆಯಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಕೊಂಕಣಿ ಹಿಂದೂ ಮನೆಗಳಲ್ಲಿ ಗಣೇಶ ಚತುರ್ಥಿಗೆ ಇದೇ ತಿಂಡಿಯನ್ನು ಇದೇ ಹೆಸರಿನಿಂದ ಮಾಡುತ್ತಾರೆ. ಮರಾಠಿಯಲ್ಲಿ ಇದು ಕರಂಜಿ, ಘಟ್ಟದ ಮೇಲೆ ಕರ್ಜಿಕಾಯಿ.

ತುಪ್ಪ ಬೆರೆಸಿ ಗಟ್ಟಿಯಾಗಿ ನಾದಿದ ಹಿಟ್ಟನ್ನು ವೃತ್ತಾಕಾರವಾಗಿ ಲಟ್ಟಿಸಿ, ಹೂರಣವಿಟ್ಟು, ಅರ್ಧಚಂದ್ರದಂತೆ ಮಡಚಿ ಅಂಚನ್ನು ಮುಚ್ಚುವುದು ಇದರ ಕ್ರಮ. ಹೂರಣದ ತೆಂಗಿನಕಾಯಿ ಈ ನೆಲದ್ದೇ. ಗೋಧಿ ಘಟ್ಟ ಇಳಿದು ಬಂದುದು. ಗೇರುಬೀಜವೋ ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಮರದ ಫಲ. ಒಣದ್ರಾಕ್ಷಿ, ಎಳ್ಳು, ಏಲಕ್ಕಿ, ಸಕ್ಕರೆ ಇವುಗಳೊಡನೆ ಸೇರುತ್ತವೆ. ತೆಂಗಿನ ತುರಿಯ ಪಸೆ ಆರುವವರೆಗೆ ಹುರಿಯಲೇಬೇಕು. ಇಲ್ಲವಾದರೆ ಮೂರು ರಾಯರ ಹಬ್ಬದವರೆಗೆ ಡಬ್ಬಿಯಲ್ಲಿ ಉಳಿಯಬೇಕಾದ ನೆವ್ರಿ ಒಂದು ವಾರದಲ್ಲಿಯೇ ಮುಗ್ಗುತ್ತದೆ. ಅವಸರದ ಕೈಗೆ ಇದು ಒಲಿಯದು.

ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಳಿಯು 1736ರಲ್ಲಿ ಹೊರಡಿಸಿದ ಶಾಸನವು ಕ್ರೈಸ್ತರ ಅಡಿಗೆಮನೆಯನ್ನೂ ಹೊಕ್ಕಿತು. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನು ಸಹ ಅದು ನಿಷೇಧಿಸಿತು. ಧರ್ಮಸಭೆಯ ಹೆಸರಿನಲ್ಲಿ ನಡೆದ ಇಂತಹ ಕಾರ್ಯಗಳನ್ನು ಯಾಜಕರಾದ ನಾವು ಮರೆಮಾಚಲಾಗದು. ಸತ್ಯದ ಸೇವೆಯೆಂದು ಸುವಾರ್ತೆಗೆ ಒಪ್ಪದ ಮಾರ್ಗಗಳನ್ನು ಹಿಡಿದುದಕ್ಕಾಗಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು 2000ದ ಮಾರ್ಚ್ 12ರಂದು ದೇವರಲ್ಲಿ ಕ್ಷಮೆ ಬೇಡಿರುವರು. ಉಡುಪು, ಹಾಡು, ಹೆಸರುಗಳು ಬದಲಾದವು. ನೆವ್ರಿ ಮಾತ್ರ ಚತುರ್ಥಿಯಿಂದ ಕ್ರಿಸ್ತಜಯಂತಿಗೆ ದಾಟಿ ತನ್ನ ಹೆಸರಿನಲ್ಲಿಯೇ ಉಳಿಯಿತು.

ಶಾಸನ ಹೊರಡುವ ವೇಳೆಗಾಗಲೇ ನಮ್ಮ ಪೂರ್ವಜರಲ್ಲಿ ಹಲವರು ಗೋವೆಯನ್ನು ತೊರೆದು ಈ ಕರಾವಳಿಯಲ್ಲಿ ನೆಲೆಸಿದ್ದರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರ ವಂಶಜರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಬಿಡುಗಡೆಗೊಂಡು ಹಿಂದಿರುಗಿದವರಿಗೆ ಕಂಡುದು ನೆಲಸಮವಾದ ದೇವಾಲಯಗಳು, ಪರರ ಪಾಲಾದ ಗದ್ದೆಗಳು. ಹದಿನೈದು ವರ್ಷಗಳ ತರುವಾಯವೂ ಈ ಪಾಕ ಮರೆತುಹೋಗಲಿಲ್ಲವೆಂದರೆ ಅದು ಚರಿತ್ರೆಯಲ್ಲಿ ಹೆಸರೇ ಇಲ್ಲದ ಸ್ತ್ರೀಯರ ಕಾರ್ಯ.

ಹಿಂದೆ ಮನೆಗಳಲ್ಲಿ ಓವನ್ ಇರಲಿಲ್ಲ. ಕೇಕನ್ನು ಪಾತ್ರೆಯಲ್ಲಿಟ್ಟು, ಅಡಿಗೂ ಮುಚ್ಚಳದ ಮೇಲೆಯೂ ಕೆಂಡ ಹರಡಿ ಬೇಯಿಸುತ್ತಿದ್ದರು; ನೆವ್ರಿಯನ್ನು ತೆಂಗಿನೆಣ್ಣೆಯಲ್ಲಿ ಕರಿಯುತ್ತಿದ್ದರು. ಈಗ ಎಣ್ಣೆಗೆ ಹೆದರಿ ನೆವ್ರಿಯನ್ನೂ ಓವನ್ನಿನಲ್ಲಿ ಬೇಯಿಸುವವರುಂಟು. ಗರಿತನ ತುಸು ಕಡಿಮೆಯಾದರೂ ನಮ್ಮ ಆಕ್ಷೇಪವೇನಿಲ್ಲ. ಬೇಕರಿಯ ಪೆಟ್ಟಿಗೆಯನ್ನು ಹಾಗೆಯೇ ನೆರೆಮನೆಗೆ ದಾಟಿಸುವುದು ಮಾತ್ರ ನಮಗೆ ಅಷ್ಟಾಗಿ ರುಚಿಸದು. ಚತುರ್ಥಿಗೆ ಅವರ ಕೈಯಡಿಗೆಯ ನೆವ್ರಿ ನಮ್ಮ ಮನೆಗೆ ಬರುವಾಗ, ಹಬ್ಬಕ್ಕೆ ಇಲ್ಲಿಂದಲೂ ಕೈಯಡಿಗೆಯೇ ಹೋಗುವುದು ಲೇಸು.

ಮನೆಮನೆಯ ಹೂರಣದ ಅಳತೆ ಬೇರೆ ಬೇರೆ; ಬರಹದಲ್ಲಿರುವುದು ಅತ್ಯಲ್ಪ. ಬಲ್ಲ ಹಿರಿಯ ತಾಯಂದಿರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ. ಆಯಾ ವಾಳೆಯ ಗುರಿಕಾರರು ಅವರಿಂದ ಕೇಳಿ ಬರೆದುಕೊಂಡು, ಬರುವ ಆಗಮನಕಾಲದೊಳಗೆ ಗುರುಮನೆಗೆ ತಲುಪಿಸಬೇಕಾಗಿ ಕೋರುತ್ತೇವೆ. ಆ ಬರಹಗಳನ್ನು ಜ್ಞಾನಸ್ನಾನದ ದಫ್ತರಗಳಿರುವ ಕಪಾಟಿನಲ್ಲಿಯೇ ಇರಿಸಲಾಗುವುದು.