ಅಪ್‌ಡೇಟ್ ಬರೀ ಹೊಸ ಬಣ್ಣವೇ? ಸಾಫ್ಟ್‌ವೇರ್ ಭದ್ರತಾ ದೋಷದ ಕಥೆ

ಫೋನ್ ಅಪ್‌ಡೇಟ್ ಕೇಳಿದಾಗ 'ಆಮೇಲೆ ನೋಡೋಣ' ಎಂದು ನಾವು ಮುಂದೂಡುತ್ತೇವೆ. ಅಪ್‌ಡೇಟ್ ಎಂದರೆ ಹೊಸ ಬಣ್ಣ, ಹೊಸ ಬಟನ್ ಅಷ್ಟೇ ಎಂಬ ನಂಬಿಕೆ ಹಲವರದು. ಅದು ನಿಜವಲ್ಲ.

ಭದ್ರತಾ ದೋಷ ಎಂದರೇನು?

ಹೊರಗಿನವರು ದುರ್ಬಳಕೆ ಮಾಡಿಕೊಳ್ಳಬಹುದಾದ ಪ್ರೋಗ್ರಾಂ ತಪ್ಪೇ ಭದ್ರತಾ ದೋಷ. 2014ರ ಏಪ್ರಿಲ್‌ನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ಅಂಥದ್ದು. ಜಾಲತಾಣಗಳ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಅದು ಎರಡು ವರ್ಷ ಅಡಗಿತ್ತು.

ಸಂಪರ್ಕ ಉಳಿದಿದೆಯೇ ಎಂದು ತಿಳಿಯಲು ಕಂಪ್ಯೂಟರ್ ಒಂದು ಚಿಕ್ಕ ಸಂದೇಶವನ್ನೂ ಅದರ ಉದ್ದವನ್ನೂ ಕಳುಹಿಸುತ್ತದೆ. ಸರ್ವರ್ ಆ ಸಂದೇಶವನ್ನೇ ಮರಳಿಸುತ್ತದೆ. ಹೇಳಿದ ಉದ್ದ ನಿಜವೇ ಎಂದು ಸರ್ವರ್ ನೋಡುತ್ತಿರಲಿಲ್ಲ. ಒಂದೇ ಅಕ್ಷರ ಕಳುಹಿಸಿ 'ಉದ್ದ 64 ಸಾವಿರ' ಎಂದರೆ, ಉಳಿದದ್ದನ್ನು ತನ್ನ ಮೆಮೊರಿಯಿಂದಲೇ ತುಂಬಿ ಕೊಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡ್ ಕೂಡ ಇರಬಹುದಿತ್ತು.

ದೋಷ ಹುಡುಕುವ ಸಾಧನಗಳು ಹೇಗೆ ಬಂದವು?

1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್, ಪ್ರೋಗ್ರಾಂಗಳಿಗೆ ಅಡ್ಡಾದಿಡ್ಡಿ ಅಕ್ಷರಗಳನ್ನು ತುರುಕಿ ಯಾವುದು ಕುಸಿಯುತ್ತದೆ ಎಂದು ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಇದೇ 'ಫಜಿಂಗ್'. ಇಂದಿನ ಫಜರ್‌ಗಳು ಕೋಡ್‌ನ ಹೊಸ ಭಾಗವನ್ನು ಮುಟ್ಟಿದ ಇನ್‌ಪುಟ್ಟನ್ನು ಉಳಿಸಿಕೊಂಡು, ಅದನ್ನೇ ಮತ್ತೆ ಮತ್ತೆ ಬದಲಿಸಿ ಪ್ರಯತ್ನಿಸುತ್ತವೆ. ಪ್ರೋಗ್ರಾಂ ಮೆಮೊರಿಯ ಗಡಿ ದಾಟಿದರೆ, ಜೊತೆಗಿರುವ ಇನ್ನೊಂದು ಸಾಧನ ಕೂಡಲೇ ಎಚ್ಚರಿಸುತ್ತದೆ. ಹಾರ್ಟ್‌ಬ್ಲೀಡ್ ಬಳಿಕ, 2016ರಲ್ಲಿ, ಗೂಗಲ್ ಮುಕ್ತ ತಂತ್ರಾಂಶಗಳಿಗಾಗಿ 'ಓಎಸ್‌ಎಸ್-ಫಜ್' ಎಂಬ ಉಚಿತ ಸೇವೆ ಆರಂಭಿಸಿತು.

ನಾವೇನು ಮಾಡಬೇಕು?

ಸರಿಪಡಿಸಿದ ಕೋಡನ್ನು ಹಳೆಯದರ ಜೊತೆ ಹೋಲಿಸಿದರೆ, ದೋಷ ಎಲ್ಲಿತ್ತೆಂದು ಕಳ್ಳರಿಗೂ ತಿಳಿಯುತ್ತದೆ. ಹಾಗಾಗಿ ಅಪ್‌ಡೇಟ್ ಬಂದ ಮೇಲೆ ತಡಮಾಡಿದಷ್ಟೂ ಅಪಾಯ ಹೆಚ್ಚು. ಇಂದೇ ಹಾಕಿಕೊಳ್ಳೋಣ.