ಹಿಂಡಲಗಾ ಕೇಂದ್ರ ಕಾರಾಗೃಹ: ಶಿಕ್ಷೆ ಮತ್ತು ಸುಧಾರಣೆ

ಬೆಳಗಾವಿ ನಗರದ ಅಂಚಿನ ಹಿಂಡಲಗಾ ಗ್ರಾಮದಲ್ಲಿರುವ ಈ ಸೆರೆಮನೆಯನ್ನು ಬ್ರಿಟಿಷರು 1923ರಲ್ಲಿ ಕಟ್ಟಿಸಿದರು. 1950ರಲ್ಲಿ ವಿ.ಡಿ. ಸಾವರ್ಕರ್ ಅವರನ್ನು ಮುಂಜಾಗ್ರತಾ ಬಂಧನದಲ್ಲಿ ಇರಿಸಿದ್ದು ಇಲ್ಲೇ. ಗಲ್ಲುಗಂಬವಿರುವ ಜೈಲೆಂದು ಹೆಸರಾದ ಇಲ್ಲಿ ಕೊನೆಯ ಸಲ ನೇಣು ಹಾಕಿದ್ದು 1983ರಲ್ಲಿ.

ಶಿಕ್ಷೆಯಿಂದ ಜನರನ್ನು ಹೆದರಿಸುವ ಯತ್ನ ಈ ಸೀಮೆಗೆ ಇನ್ನೂ ಹಳೆಯದು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತನ್ನ ವಿರುದ್ಧ ದಂಗೆಯೆದ್ದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತು. ಅಲ್ಲಿ ಆತನ ಹೆಸರಿನೊಂದಿಗೆ ಬೆಸೆದ ಆಲದ ಮರಕ್ಕೆ ಮಕ್ಕಳ ಭಾಗ್ಯ ಬೇಡುವ ಹೆಂಗಸರು ಇಂದಿಗೂ ಮರದ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ನ್ಯಾಯವೆಂದು ಜನ ಒಪ್ಪದ ಶಿಕ್ಷೆ ಭಯ ಹುಟ್ಟಿಸಲಿಲ್ಲ, ಭಕ್ತಿ ಹುಟ್ಟಿಸಿತು.

ಘೋರ ಅಪರಾಧದ ಮಾತು ಬೇರೆ. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಈ ಪ್ರಕರಣದಲ್ಲಿ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿತು. ಹಿಂಡಲಗಾದಲ್ಲಿದ್ದ ಅವರ ಕ್ಷಮಾದಾನದ ಅರ್ಜಿ 2013ರಲ್ಲಿ ತಿರಸ್ಕೃತವಾಯಿತು. ಆ ಅರ್ಜಿಯ ತೀರ್ಮಾನದಲ್ಲಾದ ಅತಿ ವಿಳಂಬವನ್ನು ಪರಿಗಣಿಸಿ ಅದೇ ನ್ಯಾಯಾಲಯ 2014ರ ಜನವರಿ 21ರಂದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಬಿ.ಎ. ಉಮೇಶ್ ಪ್ರಕರಣ ಇನ್ನಷ್ಟು ಕಣ್ಣು ತೆರೆಸುವಂಥದ್ದು. ಅತ್ಯಾಚಾರ ಮತ್ತು ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಈತನನ್ನು 2006ರಿಂದ ಸುಮಾರು 10 ವರ್ಷ ಬೆಳಗಾವಿ ಜೈಲಿನಲ್ಲಿ ಒಂಟಿಯಾಗಿ ಕೂಡಿಹಾಕಲಾಗಿತ್ತು. ನ್ಯಾಯಾಲಯದ ಆದೇಶವಿದ್ದರೂ ಒಂಟಿ ಸೆರೆ ಒಟ್ಟು 3 ತಿಂಗಳು ಮೀರಬಾರದೆಂದು ಭಾರತೀಯ ದಂಡ ಸಂಹಿತೆಯಲ್ಲಿತ್ತು. ಸತತ 15 ದಿನಕ್ಕಿಂತ ಹೆಚ್ಚಿನ ಏಕಾಂತವಾಸವನ್ನು ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು ನಿಷೇಧಿಸುತ್ತವೆ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ರದ್ದುಮಾಡಿ, ಕನಿಷ್ಠ 30 ವರ್ಷದ ಸೆರೆ ವಿಧಿಸಿತು. ತಪ್ಪಿತಸ್ಥನಿಗೆ ರಿಯಾಯಿತಿ ಸಿಕ್ಕಿದ್ದು ಕರುಣೆಯಿಂದಲ್ಲ. ಜೈಲೇ ಕಾನೂನು ಮುರಿದಿದ್ದರಿಂದ. ನ್ಯಾಯಕ್ಕಾಗಿ ಕಾದಿದ್ದ, ಕೊಲೆಯಾದವಳ ಕುಟುಂಬಕ್ಕೂ ಇದರಿಂದ ನಷ್ಟವೇ.

ಸುಧಾರಣೆಯ ದಾರಿ ನಿಧಾನದ್ದು. ರಂಗಾಯಣದ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ರಾಜ್ಯದ ಜೈಲುಗಳಲ್ಲಿ ಕೈದಿಗಳಿಗೆ ರಂಗ ತರಬೇತಿ ಕೊಟ್ಟು ನಾಟಕ ಆಡಿಸಿದರು. ಕೊಲೆ ಮಾಡಿ ಒಳಗೆ ಬಂದವರು ‘ಮ್ಯಾಕ್‌ಬೆತ್’ ಆಧರಿಸಿದ ‘ಮಾರನಾಯಕ’ದಲ್ಲಿ ಕೊಲೆಗಾರನ ಒಳಗುದಿಯನ್ನು ಜನರೆದುರು ಅಭಿನಯಿಸಿದರು. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಸನ್ನಡತೆಯ ಕೈದಿಗಳು ಹೊಲದಲ್ಲಿ ದುಡಿಯುತ್ತಾರೆ.

ದೇಶದ ಕೈದಿಗಳಲ್ಲಿ ನಾಲ್ವರಿಗೆ ಸುಮಾರು ಮೂವರು ವಿಚಾರಣಾಧೀನರು. ಶಿಕ್ಷೆಯಾದವರಲ್ಲೂ ಹೆಚ್ಚಿನವರು ಒಂದು ದಿನ ಊರಿಗೆ ಮರಳುವವರೇ. ಕೈಕಸುಬು ಕಲಿಸದೆ, ಓದು ಕೊಡದೆ ಅವರನ್ನು ಹೊರಗೆ ಬಿಟ್ಟರೆ ಅದರ ಹೊರೆ ಬೀಳುವುದು ಊರಿನ ಮೇಲೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಬಾರಿ ಸಿಕ್ಕಿಬಿದ್ದವರು, ಮಾಲು ಅಥವಾ ಅದರ ಬೆಲೆ ಹಿಂದಿರುಗಿಸಿದರೆ, ಜೈಲಿಗೆ ಹೋಗದೆ ಈ ಸೇವೆ ಸಲ್ಲಿಸಬೇಕು.