ನಿರ್ವಾತ ನಳಿಕೆಯ ಯುಗ ಮುಗಿಯಿತೆ?

ಟ್ರಾನ್ಸಿಸ್ಟರಿನ ಆಗಮನದೊಡನೆ ನಿರ್ವಾತ ನಳಿಕೆಯ ಯುಗ ಮುಗಿಯಿತೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಬೆಂಗಳೂರಿನ ಮೈಕ್ರೋವೇವ್ ಸಂಶೋಧನೆಯ ಚರಿತ್ರೆಯನ್ನು ಪರಿಶೀಲಿಸಿದರೆ ಇದು ಅರ್ಧಸತ್ಯವೆಂಬುದು ಸ್ಪಷ್ಟವಾಗುತ್ತದೆ. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದ ರಾಜೇಶ್ವರಿ ಚಟರ್ಜಿಯವರು, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯ ಬೋಧನೆ, ಸಂಶೋಧನೆಗಳಿಗೆ ನೆಲೆ ಒದಗಿಸಿದರು. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡಿತು. ಟ್ರಾನ್ಸಿಸ್ಟರ್ ಮನೆಮಾತಾದ ಬಳಿಕವೂ, 1984ರಲ್ಲಿ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಮೈಕ್ರೋವೇವ್ ನಳಿಕೆಗಳಿಗೆಂದೇ ಅಲ್ಲೊಂದು ಕೇಂದ್ರವನ್ನು ತೆರೆಯಿತು.

ಇದಕ್ಕೆ ಕಾರಣ ಭೌತವಿಜ್ಞಾನದಲ್ಲಿಯೇ ಇದೆ. ಆವರ್ತನ ಏರಿದಂತೆ ಸಾಮಾನ್ಯ ನಳಿಕೆಯ ಕುಹರ ಕಿರಿದಾಗುತ್ತದೆ; ಶಾಖವನ್ನು ತಾಳಲಾರದೆ ಅದರ ಸಾಮರ್ಥ್ಯ ಕುಗ್ಗುತ್ತದೆ. 1964ರಲ್ಲಿ ಸೋವಿಯತ್ ಒಕ್ಕೂಟದ ಗೋರ್ಕಿಯಲ್ಲಿ ರೂಪುಗೊಂಡ ಗೈರೊಟ್ರಾನ್ ಈ ಮಿತಿಯನ್ನು ಮೀರಿತು. ಕಾಂತಕ್ಷೇತ್ರದಲ್ಲಿ ಸುರುಳಿಯಾಗಿ ಸುತ್ತುವ ಎಲೆಕ್ಟ್ರಾನುಗಳು ಗುಂಪುಗೂಡಿ ತರಂಗಕ್ಕೆ ಶಕ್ತಿ ನೀಡುತ್ತವೆ. ಟೆಸ್ಲಾ ಒಂದಕ್ಕೆ ಸುಮಾರು 28 ಗಿಗಾಹರ್ಟ್ಸ್‌ನಂತೆ ಆವರ್ತನವನ್ನು ಕಾಂತಕ್ಷೇತ್ರವೇ ನಿರ್ಧರಿಸುವುದರಿಂದ ಕುಹರವನ್ನು ವಿಶಾಲವಾಗಿಡಬಹುದು. 42 ಗಿಗಾಹರ್ಟ್ಸ್, 200 ಕಿಲೋವ್ಯಾಟಿನ ಭಾರತೀಯ ಗೈರೊಟ್ರಾನ್ ಯೋಜನೆಯ ಕೇಂದ್ರ ಪಿಲಾನಿಯಾಗಿದ್ದಿತು, ಬೆಂಗಳೂರಲ್ಲ. ಆದರೂ ಆ ಯೋಜನೆ ಒಂದನ್ನು ದೃಢಪಡಿಸುತ್ತದೆ: ಬೆಂಗಳೂರು ಪೋಷಿಸಿದ ನಳಿಕೆಯ ವಿದ್ಯೆ ಕಾಲಬಾಹಿರವಾದುದಲ್ಲ. ಅದರ ದಾಖಲೆಗಳ ಸಂರಕ್ಷಣೆ, ಆದುದರಿಂದ, ಕೇವಲ ಸ್ಮರಣೆಯ ಕಾರ್ಯವಲ್ಲ.